ಕೆಟ್ಟ ವರ್ಷಕ್ಕೂ ನಿಲ್ಲುವ ಬಾಡಿಗೆ ಮನೆ

ನಿವೃತ್ತಿಯಲ್ಲಿ ಬಂದ ಗಂಟು, ಊರಿನ ಜಮೀನು ಮಾರಿದ ಹಣ, ಗಂಡಹೆಂಡಿರಿಬ್ಬರೂ ದುಡಿದು ಉಳಿಸಿದ್ದು, ಹೊರದೇಶದಲ್ಲಿರುವ ಮಗನೋ ಮಗಳೋ ಕಳಿಸಿದ್ದು, ಯಾವುದೇ ಇರಲಿ, ಒಂದಿಷ್ಟು ದುಡ್ಡು ಒಟ್ಟಾದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮಾತು ಒಂದೇ: ಬೆಂಗಳೂರಿನಲ್ಲಿ ಒಂದು ಫ್ಲ್ಯಾಟು ತೆಗೆದು ಬಾಡಿಗೆಗೆ ಕೊಡೋಣ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಮನೆಯ ಬೆಲೆಯೂ ಏರುತ್ತದೆ, ಮುಂದೆ ಮಕ್ಕಳಿಗಾಗುತ್ತದೆ. ಈ ಮೂರು ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ತೊಡಕಾಗುತ್ತದೆ. ಬಾಡಿಗೆ ಕಡಿಮೆಯಾಯಿತಲ್ಲ ಎಂದು ಯಾರಾದರೂ ಕೇಳಿದರೆ ಬೆಲೆ ಏರುತ್ತದೆ ಎನ್ನುತ್ತೇವೆ. ಬೆಲೆ ನಿಂತುಬಿಟ್ಟಿದೆಯಲ್ಲ ಎಂದರೆ ಬಾಡಿಗೆ ಬರುತ್ತಿದೆಯಲ್ಲ ಎನ್ನುತ್ತೇವೆ. ಎರಡೂ ಸಾಲದು ಎಂದಾಗ ಹೇಗೂ ಮಕ್ಕಳಿಗಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಒಂದರ ಕೊರತೆಯನ್ನು ಇನ್ನೊಂದು ಹೀಗೆ ಮುಚ್ಚುತ್ತಾ ಹೋಗುವುದರಿಂದ, ಮನೆ ನಿಜವಾಗಿ ದುಡಿಯುತ್ತಿದೆಯೇ ಎಂಬ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಆ ಲೆಕ್ಕದ ವಿಷಯ. ಬಾಡಿಗೆಗೆಂದು ಕೊಳ್ಳುವ ಮನೆಯನ್ನು ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವ ಬಾಡಿಗೆಯಿಂದ ಅಳೆಯಬೇಕು, ಅದೂ ಒಳ್ಳೆಯ ವರ್ಷದ ಬಾಡಿಗೆಯಿಂದಲ್ಲ, ಕೆಟ್ಟ ವರ್ಷದ ಬಾಡಿಗೆಯಿಂದ. ಬೆಲೆ ಏರಿಕೆಯನ್ನು ಮೊದಲು ಪಕ್ಕಕ್ಕಿಟ್ಟು ನೋಡಬೇಕು. ಹಾಗೆ ನೋಡಿದಾಗಲೂ ಲೆಕ್ಕ ನಿಂತರೆ ಅದು ಹೂಡಿಕೆ. ನಿಲ್ಲದಿದ್ದರೆ ಅದು ಬೆಲೆಯ ಮೇಲೆ ಕಟ್ಟಿದ ಪಣ. ಪಣ ಕಟ್ಟುವವರಿಗೆ ತಾವು ಕಟ್ಟುತ್ತಿರುವುದು ಪಣ ಎಂಬುದಾದರೂ ತಿಳಿದಿರಬೇಕು.

ಮಾರುಕಟ್ಟೆ ಅನಿಶ್ಚಿತ ಎಂಬುದು ಬಾಯಿಮಾತಿಗೆ ಬಂದುಹೋಗುವ ಸಂಗತಿಯಾಗಿದೆ. ಬೆಂಗಳೂರಿನ ಮಟ್ಟಿಗೆ ಅದರ ಅರ್ಥವೇನು ಎಂದು ಈಚಿನ ವರ್ಷಗಳೇ ತೋರಿಸಿವೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ವೈಟ್‌ಫೀಲ್ಡ್, ಮಾರತಹಳ್ಳಿ, ಬೆಳ್ಳಂದೂರು, ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಬಾಡಿಗೆಯಲ್ಲಿದ್ದ ಹುಡುಗ ಹುಡುಗಿಯರು ಸಾಮಾನು ಕಟ್ಟಿಕೊಂಡು ಊರಿಗೆ ಹೋದರು. ಪಿಜಿಗಳು ಬಾಗಿಲು ಮುಚ್ಚಿದವು, ಫ್ಲ್ಯಾಟುಗಳ ಬಾಡಿಗೆ ಇಳಿಸಿದರೂ ಕೇಳುವವರು ಸಿಗದ ತಿಂಗಳುಗಳು ಬಂದವು. 2022ರಲ್ಲಿ ಕಚೇರಿಗಳು ಮತ್ತೆ ತೆರೆದಾಗ ಅವರೆಲ್ಲ ಒಮ್ಮೆಲೇ ಹಿಂತಿರುಗಿ, ಅದೇ ಬಡಾವಣೆಗಳಲ್ಲಿ ಮನೆ ಸಿಗುವುದೇ ಕಷ್ಟವಾಗಿ, ಬಾಡಿಗೆ ಜಿಗಿಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಈ ನಡುವೆ ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಲ್ಲಿ ಶೇ. 4ಕ್ಕೆ ಇಳಿದದ್ದು, 2023ರ ಫೆಬ್ರವರಿಯ ಹೊತ್ತಿಗೆ ಶೇ. 6.5ಕ್ಕೆ ಏರಿ, 2025ರಲ್ಲಿ ಮತ್ತೆ ಇಳಿಯತೊಡಗಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಇಂಥ ಹೊರಗಿನ ದರಕ್ಕೇ ಕಟ್ಟಿರುವುದರಿಂದ ಆ ಏರಿಳಿತ ನೇರವಾಗಿ ಸಾಲಗಾರನ ಮನೆಗೆ ಬರುತ್ತದೆ. ಒಟ್ಟಿನಲ್ಲಿ, ಐದು ವರ್ಷದೊಳಗೆ ಬಾಡಿಗೆ, ಬಡ್ಡಿ ಎರಡೂ ಎರಡು ದಿಕ್ಕಿಗೂ ತೂಗಿದವು, ನೀರೂ ಕೈಕೊಟ್ಟಿತು. ಇಂಥ ಊರಿನಲ್ಲಿ ಈ ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಅದೇ ಮನೆಯ ಆದಾಯ ಎಂದುಕೊಳ್ಳುವುದು ಜಾಣತನವಲ್ಲ.

ಈಗ ಒಂದು ಲೆಕ್ಕ ಬರೆಯೋಣ. ಕಾಗದ, ಪೆನ್ನು ಹತ್ತಿರವಿದ್ದವರು ಗುರುತು ಹಾಕಿಕೊಳ್ಳಬಹುದು. ನಗರದ ಹೊರವಲಯದಲ್ಲಿ, ಕಟ್ಟಿ ಮುಗಿದಿರುವ, ಎರಡು ಮಲಗುವ ಕೋಣೆಯ ಒಂದು ಫ್ಲ್ಯಾಟು. ಬೆಲೆ 80 ಲಕ್ಷ ರೂಪಾಯಿ, ಬಾಡಿಗೆ ತಿಂಗಳಿಗೆ 25 ಸಾವಿರ, ಮೇಂಟೆನೆನ್ಸ್ ಬಾಡಿಗೆದಾರರೇ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಬಡಾವಣೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ವರ್ಷಕ್ಕೆ 3 ಲಕ್ಷ ಬಾಡಿಗೆ. ಅದನ್ನು 80 ಲಕ್ಷಕ್ಕೆ ಹಚ್ಚಿದರೆ ಶೇ. 3.75. ಮಾರುವವರು ಹೇಳುವ ಅಂಕಿ ಇದು. ಆದರೆ ನೀವು ಕೊಡುವುದು 80 ಲಕ್ಷ ಮಾತ್ರವಲ್ಲ. 45 ಲಕ್ಷ ಮೀರಿದ ಆಸ್ತಿಗೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜು, ಜೊತೆಗೆ ನೋಂದಣಿ ಶುಲ್ಕ, ಇದು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಎಲ್ಲ ಸೇರಿ 80 ಲಕ್ಷಕ್ಕೆ 6 ಲಕ್ಷ ದಾಟುತ್ತದೆ. ಖಾಲಿ ಗೋಡೆಯ ಫ್ಲ್ಯಾಟಿಗೆ ಒಳ್ಳೆಯ ಬಾಡಿಗೆ ಬರುವುದಿಲ್ಲ. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಗೀಸರು, ಫ್ಯಾನು, ಕಿಟಕಿಗೆ ಸೊಳ್ಳೆ ಜಾಲರಿ ಎಂದು 4 ಲಕ್ಷ ಸೇರಿಸಿದರೆ ಮನೆ ನಿಮಗೆ ಬಿದ್ದದ್ದು 90 ಲಕ್ಷಕ್ಕೆ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಾದರೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ ಬೇರೆ. ಬಾಡಿಗೆ ಬರಲು ಶುರುವಾಗುವುದು ಕೀಲಿ ಕೈಗೆ ಬಂದ ಮೇಲೆ, ಬಡ್ಡಿ ಶುರುವಾಗುವುದು ಅದಕ್ಕಿಂತ ಬಹಳ ಮೊದಲು.

ಇನ್ನು ಬಾಡಿಗೆಯ ಕಡೆಗೆ ಬನ್ನಿ. ವರ್ಷದಲ್ಲಿ ಹನ್ನೆರಡು ತಿಂಗಳೂ ಮನೆ ತುಂಬಿರುವುದಿಲ್ಲ. ಒಬ್ಬರು ಖಾಲಿ ಮಾಡಿ, ಬಣ್ಣ ಹೊಡೆಸಿ, ಇನ್ನೊಬ್ಬರು ಬರುವ ಹೊತ್ತಿಗೆ ಕಳೆಯುವ ದಿನಗಳನ್ನು ಸರಾಸರಿ ಹಿಡಿದರೆ ವರ್ಷಕ್ಕೊಂದು ತಿಂಗಳು ಹೋಯಿತೆನ್ನಿ. ಉಳಿದದ್ದು 2 ಲಕ್ಷ 75 ಸಾವಿರ. ಮನೆ ಖಾಲಿಯಿದ್ದಾಗಿನ ಮೇಂಟೆನೆನ್ಸ್ ನಿಮ್ಮದೇ. ಆಸ್ತಿ ತೆರಿಗೆ ನಿಮ್ಮದು, ಅದೂ ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ದರ ಹೆಚ್ಚು. ಬಾಡಿಗೆದಾರರನ್ನು ಹುಡುಕಿಕೊಟ್ಟ ದಲ್ಲಾಳಿಗೆ ಕಮಿಷನ್, ಸೋರುವ ನಲ್ಲಿ, ಕೆಟ್ಟ ಗೀಸರು, ಬಾತ್‌ರೂಮಿನ ತೇವ ಕೆಳಮನೆಯ ತಾರಸಿಗೆ ಇಳಿದದ್ದು. ಇವಕ್ಕೆಲ್ಲ ವರ್ಷಕ್ಕೆ 45 ಸಾವಿರ ಎಂದು ಹಿಡಿದರೆ ಅದು ಕೈ ಬಿಗಿಹಿಡಿದೇ ಬರೆದ ಲೆಕ್ಕ. ಕೊನೆಗೆ ಉಳಿಯುವುದು 2 ಲಕ್ಷ 30 ಸಾವಿರ. 90 ಲಕ್ಷಕ್ಕೆ ಶೇ. 2.5ರ ಆಸುಪಾಸು. ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆಗೊಂದು ಅನುಕೂಲವಿದೆ: ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ. 30ನ್ನು, ನೀವು ಖರ್ಚು ಮಾಡಿರಲಿ ಬಿಡಲಿ, ರಿಯಾಯಿತಿಯಾಗಿ ಕಳೆಯುತ್ತಾರೆ. ಹಾಗಿದ್ದೂ ಶೇ. 20ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ, ಸಾಲವಿಲ್ಲದೆ ಕೊಂಡ ಈ ಮನೆಯಿಂದ ನಿಜವಾಗಿ ಕೈಗೆ ಬರುವುದು ಶೇ. 2ರಷ್ಟು. ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಿ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 8.2 ಆಯಿತು. ಆ ದರದಲ್ಲಿ 30 ಲಕ್ಷಕ್ಕೆ ವರ್ಷಕ್ಕೆ 2 ಲಕ್ಷ 46 ಸಾವಿರ. ಬಡ್ಡಿಗೂ ತೆರಿಗೆಯುಂಟು, ನಿಜ. ಆದರೂ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ 90 ಲಕ್ಷದ ಮನೆ ತರುವುದಕ್ಕಿಂತ 30 ಲಕ್ಷದ ಠೇವಣಿ ಹೆಚ್ಚು ತರುತ್ತಿದೆ. ನಿವೃತ್ತಿಯ ಗಂಟನ್ನು ಮನೆಗೆ ಹಾಕಿ ಅದರ ಬಾಡಿಗೆಯಲ್ಲೇ ಬದುಕು ನಡೆಸಬೇಕೆಂದು ಹೊರಡುವವರ ಬಗ್ಗೆ ನನಗೆ ಕಳವಳ ಹುಟ್ಟುವುದು ಇದೇ ಕಾರಣಕ್ಕೆ.

ಮೇಲಿನದು ಪೂರ್ತಿ ಸ್ವಂತ ಹಣ ಹಾಕಿದವರ ಮಾತು. ಹೆಚ್ಚಿನವರು ಕೊಳ್ಳುವುದು ಸಾಲದಲ್ಲಿ. 80 ಲಕ್ಷದ ಮನೆಗೆ 60 ಲಕ್ಷ ಸಾಲ, ಶೇ. 8.5 ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 52 ಸಾವಿರ. ಖರ್ಚು ಕಳೆದ ಬಾಡಿಗೆ ತಿಂಗಳಿಗೆ 19 ಸಾವಿರ. ಉಳಿದ 33 ಸಾವಿರವನ್ನು ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ತುಂಬಬೇಕು. ಬಾಡಿಗೆಯೇ ಕಂತು ಕಟ್ಟುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಈ ಲೆಕ್ಕದಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಕಟ್ಟುತ್ತಿದೆ, ಅಷ್ಟೇ. ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದಾದ್ದರಿಂದ ಬಾಡಿಗೆಯ ಮೇಲೆ ತೆರಿಗೆ ಬೀಳದು ಎಂಬುದೊಂದು ಸಮಾಧಾನ. ಹಾಗೆ ಕಳೆದ ಮೇಲೂ ಉಳಿಯುವ ನಷ್ಟದಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಲು ಹಳೆಯ ತೆರಿಗೆ ಪದ್ಧತಿಯಲ್ಲಿ ಅವಕಾಶವಿದೆ. ಹೊಸ ಪದ್ಧತಿಗೆ ಹೋದವರಿಗೆ ಅದು ಇಲ್ಲ. ತೆರಿಗೆ ಉಳಿಸಲು ಎರಡನೇ ಮನೆ ಮಾಡಿ ಎಂದು ಈಗಲೂ ಹೇಳುವವರ ಮಾತಿಗೆ ಹೊಸ ಪದ್ಧತಿಯವರ ಮಟ್ಟಿಗೆ ಬುಡವೇ ಉಳಿದಿಲ್ಲ.

ಇನ್ನು ಐದು ವರ್ಷ ಮುಂದೆ ಹೋಗಿ ನೋಡಿ. ಮೊದಲು ಕೈಯಿಂದ ಹಾಕಿದ್ದು 30 ಲಕ್ಷ. ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರುತ್ತಾ ಹೋಯಿತು ಎಂದೇ ಹಿಡಿದರೂ, ಐದು ವರ್ಷದಲ್ಲಿ ಸಂಬಳದಿಂದ ತುಂಬಿದ್ದು ಸುಮಾರು 18 ಲಕ್ಷ. ಒಟ್ಟು 48 ಲಕ್ಷ. ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ ಬ್ಯಾಂಕಿನ ಬಾಕಿ ಸುಮಾರು 53 ಲಕ್ಷ ಉಳಿದಿರುತ್ತದೆ, ಏಕೆಂದರೆ ಮೊದಲ ವರ್ಷಗಳ ಕಂತಿನಲ್ಲಿ ಹೆಚ್ಚಿನ ಪಾಲು ಬಡ್ಡಿ. ಮನೆಯ ಬೆಲೆ ಏರದೆ 80 ಲಕ್ಷದಲ್ಲೇ ನಿಂತಿದ್ದರೆ, ಮಾರಿ ಸಾಲ ತೀರಿಸಿದಾಗ ಕೈಗೆ ಬರುವುದು 27 ಲಕ್ಷ. ಹಾಕಿದ್ದು 48, ಬಂದದ್ದು 27. ಬೆಲೆ ಇಳಿದಿಲ್ಲ, ಬಾಡಿಗೆದಾರರು ತೊಂದರೆ ಕೊಟ್ಟಿಲ್ಲ, ಬಡ್ಡಿ ಏರಿಲ್ಲ, ಆದರೂ 21 ಲಕ್ಷ ಹೋಯಿತು. ಬೆಲೆ ವರ್ಷಕ್ಕೆ ಶೇ. 5ರಂತೆ ಐದು ವರ್ಷವೂ ಬಿಡದೆ ಏರಿ 102 ಲಕ್ಷಕ್ಕೆ ಮುಟ್ಟಿದರೆ, ಆಗ ಹಾಕಿದ ಹಣ ಹೆಚ್ಚುಕಡಿಮೆ ಹಾಕಿದಷ್ಟೇ ಹಿಂತಿರುಗುತ್ತದೆ. ಐದು ವರ್ಷ ಆ ಹಣ ಬೇರೆಲ್ಲಾದರೂ ಇದ್ದಿದ್ದರೆ ಬರುತ್ತಿದ್ದ ಬಡ್ಡಿ ಲೆಕ್ಕಕ್ಕೇ ಇಲ್ಲ. ಅಂದರೆ ಈ ಮನೆಯಲ್ಲಿ ಲಾಭವೆಂಬುದು ಶುರುವಾಗುವುದೇ ಶೇ. 5ರ ಏರಿಕೆಯ ಆಚೆಗೆ. ಇದರ ಮೇಲೆ 2020ರಂಥ ಒಂದು ವರ್ಷ ಬಂದು ಆರು ತಿಂಗಳು ಮನೆ ಖಾಲಿ ಬಿದ್ದರೆ ಒಂದೂವರೆ ಲಕ್ಷ ಬಾಡಿಗೆ ಹೋಯಿತು, ಮೇಂಟೆನೆನ್ಸ್ ಮೈಮೇಲೆ ಬಂತು. ಬಡ್ಡಿ ಶೇ. 1 ಏರಿದರೆ ಕಂತು 56 ಸಾವಿರದ ಹತ್ತಿರ. ಕಂತು ಏರಿಸುವ ಬದಲು ಬ್ಯಾಂಕು ಸಾಲದ ಅವಧಿಯನ್ನು ಉದ್ದ ಮಾಡಿದರೆ ಹೊರೆ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಖಾಲಿ ಮನೆ ಮತ್ತು ಏರಿದ ಬಡ್ಡಿ ಒಟ್ಟಿಗೆ ಬಂದ ವರ್ಷದಲ್ಲಿ, ಮನೆಯೊಳಗೆ ದುಡಿಯುವವರೊಬ್ಬರ ಕೆಲಸವೂ ಹೋದರೆ ಕಂತು ಎಷ್ಟು ತಿಂಗಳು ನಡೆಯುತ್ತದೆ? ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳದೆ ಸಾಲದ ಅರ್ಜಿಗೆ ಸಹಿ ಹಾಕಬಾರದು. ಬೆಂಗಳೂರಿನಲ್ಲಿ ಇದು ಬರೀ ಊಹೆಯ ಮಾತಲ್ಲ. ಇಲ್ಲಿ ಬಾಡಿಗೆದಾರ ದುಡಿಯುವುದೂ ಐಟಿಯಲ್ಲಿ, ಮನೆ ಕೊಂಡವರು ದುಡಿಯುವುದೂ ಎಷ್ಟೋ ಸಲ ಐಟಿಯಲ್ಲೇ. ಒಬ್ಬರಿಗೆ ಕೆಟ್ಟ ಕಾಲ ಬಂದಾಗ ಇನ್ನೊಬ್ಬರಿಗೂ ಅದೇ ಕಾಲ.

ಇಲ್ಲಿ ಕೇಳುಗರು ಎತ್ತುವ ಮೊದಲ ಆಕ್ಷೇಪ ನನಗೆ ಗೊತ್ತು. ಬೆಂಗಳೂರಿನಲ್ಲಿ ಆಸ್ತಿ ಬೆಲೆ ಎಂದಾದರೂ ಇಳಿದದ್ದುಂಟೇ? ಮೂವತ್ತು ವರ್ಷದ ಹಿಂದೆ ಸೈಟು ಕೊಂಡವರು ಇಂದು ಎಲ್ಲಿದ್ದಾರೆ ನೋಡಿ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಅದು ಸೈಟಿನ ಮಾತು. ಫ್ಲ್ಯಾಟಿನಲ್ಲಿ ನಿಮಗೆ ಸಿಗುವುದು ನೆಲದ ಒಂದು ಅವಿಭಜಿತ ಪಾಲು. ನೂರಾರು ಮನೆಗಳ ನಡುವೆ ಹಂಚಿಹೋದ ಪುಟ್ಟ ಪಾಲು. ಉಳಿದದ್ದು ಕಟ್ಟಡ. ನೆಲಕ್ಕೆ ಬೆಲೆ ಏರುತ್ತಿದ್ದರೆ ಕಟ್ಟಡಕ್ಕೆ ವಯಸ್ಸು ಏರುತ್ತಿರುತ್ತದೆ. ಹದಿನೈದು ವರ್ಷದ ಲಿಫ್ಟು, ತುಕ್ಕು ಹಿಡಿದ ಪೈಪು, ಹಳೆಯದಾದ ಕೊಳಚೆ ನೀರು ಶುದ್ಧೀಕರಣ ಘಟಕ, ಇವೆಲ್ಲದರ ಜೊತೆ ಅದು ಪಕ್ಕದಲ್ಲೇ ಎದ್ದ ಹೊಸ ಕಟ್ಟಡದೊಂದಿಗೆ ಪೈಪೋಟಿ ಮಾಡಬೇಕು. ಬೆಲೆ ಇಳಿಯುವುದೇ ಇಲ್ಲ ಎಂಬ ನಂಬಿಕೆಯೂ ಹೊಸದಲ್ಲ. ಜಪಾನಿನಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಎಲ್ಲರೂ ಹಾಗೇ ನಂಬಿದ್ದರು; 1991ರ ನಂತರ ಅಲ್ಲಿ ಭೂಮಿಯ ಬೆಲೆ ವರ್ಷಗಟ್ಟಲೆ ಇಳಿಯುತ್ತಲೇ ಹೋಯಿತು. ಅಷ್ಟು ದೂರವೇಕೆ, ದೆಹಲಿಯ ಪಕ್ಕದ ನೋಯ್ಡಾದಲ್ಲಿ ಆಮ್ರಪಾಲಿ ಸಮೂಹದ ಯೋಜನೆಗಳಲ್ಲಿ ಸಾವಿರಾರು ಕುಟುಂಬಗಳು ಹಣ ಕಟ್ಟಿ ವರ್ಷಗಟ್ಟಲೆ ಕಾದವು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಆ ಸಂಸ್ಥೆಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯನ್ನು ರದ್ದುಮಾಡಿ, ಮನೆಗಳನ್ನು ಕಟ್ಟಿ ಮುಗಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. ಬೆಂಗಳೂರಿನ ಬೆಲೆ ನಾಳೆ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ಏರಲೂಬಹುದು, ಚೆನ್ನಾಗಿಯೇ ಏರಬಹುದು. ನನ್ನ ವಾದವಿಷ್ಟೇ: ಬೆಲೆ ಏರುವುದು ನಮ್ಮ ಕೈಯಲ್ಲಿಲ್ಲ, ನಾವು ಮಾರಬೇಕೆಂದ ವರ್ಷದಲ್ಲೇ ಏರಿರಬೇಕು ಎಂಬುದಂತೂ ಖಂಡಿತ ನಮ್ಮ ಕೈಯಲ್ಲಿಲ್ಲ. ಮನೆಯನ್ನು ಷೇರಿನ ಹಾಗೆ ಒಂದು ದಿನದಲ್ಲಿ ಮಾರಲಾಗದು, ಅರ್ಧ ಮಾರಲಂತೂ ಆಗದು. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ತಿಂಗಳಲ್ಲಿ ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಠೇವಣಿಯ ಬಡ್ಡಿ ಇದ್ದಲ್ಲೇ ಇರುತ್ತದೆ, ಬೆಲೆಯೇರಿಕೆ ಅದನ್ನು ತಿಂದುಹಾಕುತ್ತದೆ. ಬಾಡಿಗೆಯಾದರೆ ವರ್ಷವರ್ಷ ಏರುತ್ತದೆ, ಅಸಲಾದ ಮನೆಯೂ ಉಳಿಯುತ್ತದೆ. ಇದು ಸರಿ. ದೀರ್ಘಕಾಲಕ್ಕೆ ಬಾಡಿಗೆ ಮನೆಯ ಪರವಾಗಿರುವ ದೊಡ್ಡ ಮಾತು ಇದೇ, ಇದನ್ನು ಕಡೆಗಣಿಸಿ ಬರೀ ಶೇ. 2.5ನ್ನು ಶೇ. 8ರೊಂದಿಗೆ ಹೋಲಿಸುವುದು ನ್ಯಾಯವಲ್ಲ. ಆದರೆ ಎಷ್ಟು ದೀರ್ಘಕಾಲ ಎಂದು ಕೇಳಬೇಕು. ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರಿದರೆ ಎರಡರಷ್ಟಾಗಲು ಹದಿನಾಲ್ಕು ವರ್ಷ ಬೇಕು. ಅಷ್ಟು ವರ್ಷ ಕಳೆದ ಮೇಲೂ ನಮ್ಮ ಉದಾಹರಣೆಯ ಮನೆ ಹಾಕಿದ ಹಣಕ್ಕೆ ಶೇ. 5ರಷ್ಟನ್ನು ತರುತ್ತಿರುತ್ತದೆ. ನಲವತ್ತರ ವಯಸ್ಸಿನಲ್ಲಿ ಸಾಲವಿಲ್ಲದೆ ಕೊಂಡವರು ಅಷ್ಟು ಕಾಯಬಹುದು. ಅರವತ್ತರಲ್ಲಿ ನಿವೃತ್ತರಾದವರಿಗೆ ಎಪ್ಪತ್ತನಾಲ್ಕರಲ್ಲಿ ಬರುವ ಬಾಡಿಗೆಗಿಂತ ಈ ತಿಂಗಳ ಔಷಧದ ಖರ್ಚು ಮುಖ್ಯ. ಬಾಡಿಗೆ ತಾನಾಗಿ ಏರುತ್ತದೆ ಎಂದೂ ಇಲ್ಲ. ಅದು ಏರುವುದು ಆ ಬಡಾವಣೆಯಲ್ಲಿ ದುಡಿಯುವವರ ಸಂಬಳ ಏರಿದರೆ, ಮತ್ತು ಅಲ್ಲಿ ಹೊಸ ಮನೆಗಳು ಅದಕ್ಕಿಂತ ವೇಗವಾಗಿ ಏಳದಿದ್ದರೆ. ಹೊರವರ್ತುಲ ರಸ್ತೆಯ ಆಚೆ, ಸರ್ಜಾಪುರದ ಕಡೆ, ಒಂದರ ಪಕ್ಕ ಒಂದು ದೊಡ್ಡ ಅಪಾರ್ಟ್‌ಮೆಂಟುಗಳು ಏಳುತ್ತಿರುವಾಗ ಇದನ್ನು ಮರೆಯಲಾಗದು.

ಹಾಗಾದರೆ ಬಾಡಿಗೆ ಮನೆ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳನ್ನು ನೋಡಿದರೆ ಬಾಡಿಗೆ ಮನೆಗಳ ಬಹುಪಾಲನ್ನು ಕಟ್ಟಿದವರು ಸಾಮಾನ್ಯ ಸಂಸಾರಸ್ಥರು ಎಂಬುದು ಕಾಣುತ್ತದೆ. ಮೂವತ್ತು ನಲವತ್ತರ ಸೈಟು, ಕೆಳಗೆ ತಾವು, ಮೇಲೆ ಒಂದೋ ಎರಡೋ ಬಾಡಿಗೆ ಮನೆ. ಇವರ ಲೆಕ್ಕವೇ ಬೇರೆ. ನೆಲ ಎಂದೋ ತಮ್ಮದಾಗಿದೆ, ಅಡಿಪಾಯ ಹಾಕುವಾಗಲೇ ಮೇಲಿನ ಮಹಡಿಯ ಭಾರಕ್ಕೆ ಕಂಬ ನಿಲ್ಲಿಸಿದ್ದಾರೆ. ಈಗ ಒಂದು ಮಹಡಿ ಏರಿಸಲು 22 ಲಕ್ಷ ಹಿಡಿದು, 16 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಒಂದು ಲಕ್ಷ 92 ಸಾವಿರ. ಹಾಕಿದ ಹಣಕ್ಕೆ ಶೇ. 8ರ ಮೇಲೆ. ಖರ್ಚೆಲ್ಲ ಕಳೆದರೂ ಶೇ. 6ಕ್ಕೆ ಮೋಸವಿಲ್ಲ. ಒಂದೆರಡು ತಿಂಗಳು ಮನೆ ಖಾಲಿ ಬಿದ್ದರೂ ಇದು ಅಲುಗದು. ಮಾಲೀಕರು ಕೆಳಗೇ ಇರುವುದರಿಂದ ನಲ್ಲಿ ಕೆಟ್ಟರೆ ಅದೇ ದಿನ ತಿಳಿಯುತ್ತದೆ. ನನ್ನ ಅಳತೆಗೆ ನಿಲ್ಲುವ ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲಿಲ್ಲ. ಆದರೆ ಒಂದು ಎಚ್ಚರ ಬೇಕು. ಒಪ್ಪಿಗೆ ಪಡೆದ ನಕ್ಷೆ ಮೀರಿ ಮಹಡಿ ಏರಿಸುವ ಚಾಳಿ ನಮ್ಮಲ್ಲಿ ಹಳೆಯದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ನಿರ್ದೇಶನ ನೀಡಿತು. ಅದರ ಬಿಸಿ ನಮ್ಮ ರಾಜ್ಯದಲ್ಲಿ ಕಟ್ಟುವ ಎಷ್ಟೋ ಜನರಿಗೆ ತಟ್ಟಿತು. ವಿದ್ಯುತ್ ಮೀಟರು ಸಿಗದ ಮಹಡಿಗೆ ಯಾರು ಬಾಡಿಗೆ ಕೊಡುತ್ತಾರೆ?

ಫ್ಲ್ಯಾಟು ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ: ಕ್ರಯಪತ್ರ, ಋಣಭಾರ ಪತ್ರ, ಇ-ಖಾತೆ, ಸ್ವಾಧೀನ ಪ್ರಮಾಣಪತ್ರ, ರೇರಾ ನೋಂದಣಿ. ಅದು ಬೇಕೇ ಬೇಕು. ಆದರೆ ಬಾಡಿಗೆ ಬರುತ್ತದೆಯೇ ಎಂಬುದು ಕಾಗದದಲ್ಲಿ ಸಿಗುವುದಿಲ್ಲ. ಅದನ್ನು ಹೋಗಿ ನೋಡಬೇಕು. ಭಾನುವಾರ ಬೆಳಿಗ್ಗೆ ಮಾರಾಟದವರ ಜೊತೆ ಹೋಗುವುದರಿಂದ ಪ್ರಯೋಜನವಿಲ್ಲ. ವಾರದ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ಹೋಗಿ ಕಟ್ಟಡದ ಎದುರು ನಿಂತು ದೀಪವಿಲ್ಲದ ಕಿಟಕಿಗಳನ್ನು ಎಣಿಸಿ. ಕೀಲಿ ಕೊಟ್ಟು ಮೂರು ವರ್ಷವಾದ ಕಟ್ಟಡದಲ್ಲಿ ಸಾಲುಸಾಲು ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ ಇಲ್ಲ, ಕುಂಡವಿಲ್ಲ, ಬೆಳಕಿಲ್ಲ ಎಂದರೆ ನಿಮ್ಮ ಮನೆಗೆ ಬಾಡಿಗೆದಾರ ಬರುವ ಮುನ್ನ ಆ ಎಲ್ಲ ಮನೆಗಳೂ ಅವನಿಗಾಗಿ ಕಾಯುತ್ತಿವೆ ಎಂದರ್ಥ. ಗೇಟಿನಲ್ಲಿರುವ ಸೆಕ್ಯುರಿಟಿಯವರನ್ನು ಕೇಳಿದರೆ ಎಷ್ಟು ಮನೆ ಖಾಲಿ, ಎಷ್ಟು ತಿಂಗಳಿಂದ ಖಾಲಿ, ಈಗ ಎಷ್ಟಕ್ಕೆ ಹೋಗುತ್ತಿದೆ ಎಂದು ಹೇಳುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಕಂಡು ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ಎಷ್ಟಾಯಿತು ಎಂದು ಕೇಳಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ, ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಮುಟ್ಟಿಸುವುದು ಅದರ ಉದ್ದೇಶ. ಆದರೆ ಯೋಜನೆ ಬಂದಿದೆ ಎಂಬುದೂ ಈ ಕಟ್ಟಡದ ಸಂಪಿಗೆ ನೀರು ಬೀಳುತ್ತಿದೆ ಎಂಬುದೂ ಬೇರೆ ಬೇರೆ. ಸಂಪಿನ ಬಳಿ ನಿಂತು ನೋಡಿ. ಮೆಟ್ರೊ ಬರುತ್ತದೆ ಎಂಬ ಮಾತಿಗೂ ಇದೇ ಅಳತೆ. ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಗಿ ಓಡಿದ್ದು 2023ರ ಅಕ್ಟೋಬರ್‌ನಲ್ಲಿ, ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ಎರಡಕ್ಕೂ ಜನ ಹೇಳಿದ ದಿನಕ್ಕಿಂತ ವರ್ಷಗಟ್ಟಲೆ ಹೆಚ್ಚು ಕಾದಿದ್ದಾರೆ. ಓಡುತ್ತಿರುವ ಮೆಟ್ರೊಗೆ ಬಾಡಿಗೆಯಲ್ಲಿ ಬೆಲೆ ಕಟ್ಟಿ. ಬರಲಿರುವ ಮೆಟ್ರೊಗೆ ಮಾರುವವರು ಈಗಲೇ ನಿಮ್ಮಿಂದ ಬೆಲೆ ವಸೂಲಿ ಮಾಡುತ್ತಿರುತ್ತಾರೆ.

ಕೆಟ್ಟ ವರ್ಷವನ್ನು ತಡೆದುಕೊಳ್ಳುವ ಬಲ ಬಾಡಿಗೆದಾರರಿಂದಲೂ ಬರುತ್ತದೆ. ಇದನ್ನು ಹೂಡಿಕೆಯ ಮಾತಿನಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ಬಾಡಿಗೆದಾರರು ಬದಲಾದಾಗಲೆಲ್ಲ ಬಣ್ಣ, ಕಮಿಷನ್, ಖಾಲಿ ದಿನ ಎಲ್ಲ ಸೇರಿ ಎರಡು ತಿಂಗಳ ಬಾಡಿಗೆ ಕರಗುತ್ತದೆ. ವರ್ಷಕ್ಕೆ ಸಾವಿರ ರೂಪಾಯಿ ಕಡಿಮೆ ಏರಿಸಿ, ಸಕಾಲಕ್ಕೆ ಬಾಡಿಗೆ ಕೊಡುವ ಸಂಸಾರವೊಂದನ್ನು ಐದು ವರ್ಷ ಉಳಿಸಿಕೊಂಡ ಮಾಲೀಕರು, ಪ್ರತಿವರ್ಷ ಹೆಚ್ಚು ಕೊಡುವವರನ್ನು ಹುಡುಕಿದವರಿಗಿಂತ ಹೆಚ್ಚು ಉಳಿಸಿರುತ್ತಾರೆ. ಇಂಥವರಿಗೆ ಮಾತ್ರ ಮನೆ, ಮಾಂಸ ತಿನ್ನುವವರಿಗಿಲ್ಲ, ಮದುವೆಯಾಗದವರಿಗಿಲ್ಲ, ಇಂಥ ಜಾತಿ ಧರ್ಮದವರಿಗಿಲ್ಲ ಎಂದು ಬಾಗಿಲು ಹಾಕುವವರು ಸಹಮನುಷ್ಯರಿಗೆ ಮಾಡುವ ಅವಮಾನ ಒಂದು ಕಡೆಯಾದರೆ, ತಮ್ಮ ಮನೆಯನ್ನು ತಾವೇ ಖಾಲಿ ಇಟ್ಟುಕೊಂಡ ನಷ್ಟ ಇನ್ನೊಂದು ಕಡೆ. ಅಡ್ವಾನ್ಸಿನ ವಿಷಯದಲ್ಲೂ ಕಾಲ ಬದಲಾಗುತ್ತಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವುದು ಬೆಂಗಳೂರಿನ ರೂಢಿಯಾಗಿತ್ತು. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಮಾದರಿ ಕಾಯ್ದೆ ತಾನಾಗಿ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ಆದರೆ ಗಾಳಿ ಆ ಕಡೆಗೆ ಬೀಸುತ್ತಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವೂ ಹೌದು. ಅಡ್ವಾನ್ಸು ಮಾಲೀಕರ ಆದಾಯವಲ್ಲ, ತಿರುಗಿ ಕೊಡಬೇಕಾದ ಸಾಲ. ಅದನ್ನು ಮನೆ ಕೊಳ್ಳುವ ಹಣಕ್ಕೆ ಸೇರಿಸಿಕೊಂಡವರು ಬಾಡಿಗೆದಾರರು ಖಾಲಿ ಮಾಡುತ್ತೇವೆ ಎಂದ ದಿನ ಕೈಸಾಲಕ್ಕೆ ಓಡುತ್ತಾರೆ.

ಈ ಲೆಕ್ಕ ಒಂದು ಮನೆಯದಷ್ಟೇ ಅಲ್ಲ. 2011ರ ಜನಗಣತಿಯಂತೆ ದೇಶದ ನಗರಗಳಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಇರಲು ಮನೆಯಿಲ್ಲದವರ ದೇಶದಲ್ಲಿ ಇಷ್ಟು ಮನೆಗೆ ಬೀಗ ಏಕೆ ಎಂದು ಕೇಳಿದರೆ, ಬಾಡಿಗೆಗೆ ಕೊಟ್ಟು ಬರುವ ಅಲ್ಪ ಹಣಕ್ಕಿಂತ ಮನೆ ಬಿಡಿಸಿಕೊಳ್ಳುವ ಕಷ್ಟದ ಭಯವೇ ಹೆಚ್ಚಾಗಿ, ಬೆಲೆ ಏರಲಿ ಎಂದು ಕಾಯುತ್ತಾ ಕುಳಿತ ಮಾಲೀಕರು ಅದಕ್ಕೊಂದು ಮುಖ್ಯ ಕಾರಣ. ಬಾಡಿಗೆಯಿಂದ ಬೆಲೆ ಕಟ್ಟುವುದನ್ನು ಬಿಟ್ಟು ಬೆಲೆಯಿಂದಲೇ ಬೆಲೆ ಕಟ್ಟತೊಡಗಿದರೆ ಊರಿಗೆ ಊರೇ ಹೀಗಾಗುತ್ತದೆ. ಕೊಳ್ಳುವವರು ಬಾಡಿಗೆಯ ಲೆಕ್ಕ ಕೇಳತೊಡಗಿದರೆ ಮಾರುವವರೂ ತಮ್ಮ ಬೆಲೆಗೆ ಉತ್ತರ ಕೊಡಬೇಕಾಗುತ್ತದೆ.

ಹೊರನಾಡಿನಲ್ಲಿದ್ದು ಇಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೊಂದು ಮಾತು. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಂಡು ಕೊಡಬೇಕು, ಬಾಡಿಗೆ ಎಷ್ಟೇ ಸಣ್ಣದಿರಲಿ. ಈ ರಗಳೆ ಬೇಡವೆಂದು ಎಷ್ಟೋ ಬಾಡಿಗೆದಾರರು ಅಂಥ ಮನೆಗೆ ಬರುವುದೇ ಇಲ್ಲ. ಮನೆಯ ನಲ್ಲಿ, ವೈರು, ಬಣ್ಣದ ಉಸ್ತುವಾರಿಯೆಲ್ಲ ಊರಲ್ಲಿರುವ ವಯಸ್ಸಾದ ತಂದೆತಾಯಿಯ ಹೆಗಲಿಗೆ ಬೀಳುತ್ತದೆ. ಅವರ ಓಡಾಟಕ್ಕೂ ಲೆಕ್ಕದಲ್ಲಿ ಒಂದು ಸಾಲು ಇಡಿ.

ಕೊನೆಗೆ ಆ 80 ಲಕ್ಷದ ಫ್ಲ್ಯಾಟಿಗೇ ಬರುತ್ತೇನೆ, ಏಕೆಂದರೆ ಹಾಗಿದ್ದರೆ ಎಷ್ಟು ಕೊಡಬಹುದು ಎಂಬ ಪ್ರಶ್ನೆ ಉಳಿದಿದೆ. ಖರ್ಚು ಕಳೆದು 2 ಲಕ್ಷ 30 ಸಾವಿರ ಉಳಿಯುವ ಮನೆ, ಹಾಕಿದ ಹಣಕ್ಕೆ ವರ್ಷಕ್ಕೆ ಶೇ. 4ನ್ನಾದರೂ ತರಬೇಕು ಎಂದು ನೀವು ನಿಶ್ಚಯಿಸಿದರೆ, ಎಲ್ಲ ಸೇರಿ ಅದಕ್ಕೆ ಹಾಕಬಹುದಾದದ್ದು ಐವತ್ತೇಳೂವರೆ ಲಕ್ಷ. ನೋಂದಣಿ ಖರ್ಚು, ಕಪಾಟಿನ ಖರ್ಚು ಕಳೆದರೆ ಮಾರುವವರಿಗೆ ಕೊಡಬಹುದಾದ ಬೆಲೆ 50 ಲಕ್ಷ. ಅವರು ಈ ಬೆಲೆಗೆ ಒಪ್ಪಲಾರರು. ಬಾಡಿಗೆಯ ಸಲುವಾಗಿ ಕೊಳ್ಳುತ್ತಿರುವವರಾದರೆ ನೀವೂ 80ಕ್ಕೆ ಒಪ್ಪಬೇಡಿ. ಟೋಕನ್ ಅಡ್ವಾನ್ಸು ಕೊಡುವ ಮೊದಲು ಈ ಲೆಕ್ಕವನ್ನು ನಿಮ್ಮ ಮನೆಯವರ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ, ಆರು ತಿಂಗಳು ಬಾಡಿಗೆ ಬಾರದ ವರ್ಷವನ್ನು ಸೇರಿಸಿ ಬರೆಯಿರಿ, ಬೆಲೆ ಏರಿಕೆಯ ಸಾಲನ್ನು ಖಾಲಿ ಬಿಡಿ. ಆಮೇಲೆ ನಿರ್ಧರಿಸಿ.